ಅಪ್ಪನ ಶೇರು ನುಂಗಿದವನು ಈಗ ಶೇರು ಮಾರುಕಟ್ಟೆಯ ಗುರು. ಏನು ಮಾಡಲಿ?

ಜಯನಗರದ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಹೋದ ಭಾನುವಾರ ಪೇಪರ್ ಮಧ್ಯೆ ಒಂದು ಪಾಂಪ್ಲೆಟ್ ಬಂದಿತ್ತು. ಟ್ಯೂಷನ್, ಪಿ.ಜಿ., ಸೋಫಾ ಕ್ಲೀನಿಂಗ್, ಇಂಥ ಪಾಂಪ್ಲೆಟ್‌ಗಳನ್ನೆಲ್ಲ ಅಪ್ಪ ತಿರುಗಿಸಿ ನೋಡುತ್ತಾರೆ. ಹಿಂಭಾಗ ಖಾಲಿ ಇದ್ದರೆ ಲೆಕ್ಕ ಮಾಡೋಕೆ ಎತ್ತಿಡುತ್ತಾರೆ. ಮೇಷ್ಟ್ರ ಬುದ್ಧಿ. ಇದನ್ನು ಮಾತ್ರ ಹಿಡಿದುಕೊಂಡು ನೇರವಾಗಿ ಅಡುಗೆಮನೆಗೆ ಬಂದರು. ದೋಸೆ ಹುಯ್ಯುತ್ತಿದ್ದ ಅಮ್ಮನ ಮುಂದೆ ಹಿಡಿದು, "ಇದು ಯಾರು ಹೇಳು ನೋಡೋಣ" ಅಂದರು. ಅಮ್ಮ ಕನ್ನಡಕ ಇಲ್ಲದೆಯೇ ಗುರುತಿಸಿದರು. ದೋಸೆ ಸೀದುಹೋಯಿತು.

ನೀಲಿ ಸೂಟು. ಕೈ ಕಟ್ಟಿಕೊಂಡು ನಿಂತ ಫೋಟೊ. ಕೆನ್ನೆ ಪಕ್ಕ ಸಣ್ಣ ಮೈಕು. ಮೇಲೆ ದಪ್ಪಕ್ಷರದಲ್ಲಿ: "ಸೊನ್ನೆಯಿಂದ ಕೋಟಿ. ಕೋಟಿಯಿಂದ ಸೊನ್ನೆ. ಸೊನ್ನೆಯಿಂದ ಮತ್ತೆ ಕೋಟಿ!" ಒಂದು ದಿನದ ಆಪ್ಷನ್ ಟ್ರೇಡಿಂಗ್ (ಶೇರಿನ ಬೆಲೆ ಏರುತ್ತೋ ಇಳಿಯುತ್ತೋ ಅಂತ ಪಣ ಕಟ್ಟೋ ವ್ಯವಹಾರ) ಕ್ಲಾಸು, ರಾಜಾಜಿನಗರದ ಒಂದು ಹಾಲ್‌ನಲ್ಲಿ. ಫೀಸು 499 ರೂಪಾಯಿ, ಊಟ ಸೇರಿ.

ಆ ನಡುವಿನ ಸಾಲಿದೆಯಲ್ಲ, ಕೋಟಿಯಿಂದ ಸೊನ್ನೆ, ಅದರಲ್ಲಿ ನಮ್ಮ ಮನೆ ದುಡ್ಡೂ ಇದೆ.

1998-99ರಲ್ಲಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಕಾಂಡಿಮೆಂಟ್ಸ್ ಅಂಗಡಿ ಮೇಲಿನ ಮಹಡಿಯಲ್ಲಿ ಈತ ಸಬ್-ಬ್ರೋಕರ್ ಆಫೀಸು ಇಟ್ಟಿದ್ದ. ಅದಕ್ಕೂ ಮುಂಚೆ ಮನೆ ಮನೆಗೆ ಬಂದು ಎನ್.ಎಸ್.ಸಿ., ಆರ್.ಡಿ. ಮಾಡಿಸುತ್ತಿದ್ದ ಏಜೆಂಟು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸ್ಕೂಲು ಬಿಟ್ಟ ಮೇಲೆ ಅವನ ಆಫೀಸಿಗೆ ಹೋಗಿ ಅರ್ಧ ಗಂಟೆ ಕೂತು ಬರುತ್ತಿದ್ದರು. ನಾನೂ ಹೋಗುತ್ತಿದ್ದೆ, ಕೆಳಗಿನ ಅಂಗಡಿಯ ಕೋಡುಬಳೆಗೋಸ್ಕರ. ಟರ್ಮಿನಲ್ ಮುಂದೆ ಹತ್ತು ಜನ ರಿಟೈರ್ಡ್ ಯಜಮಾನರು, ಬೈಟು ಕಾಫಿ, ನಂಬರ್ ಕೆಂಪಾದರೆ "ಅಯ್ಯೋ", ಹಸಿರಾದರೆ "ಆಹಾ". ಯಾರು ಬಂದರೂ ಅವನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಕೈನೆಟಿಕ್ ಹೋಂಡಾ ಹೋಗಿ ಜೆನ್ ಬಂತು. ಜೆನ್ ಹೋಗಿ ಫೋರ್ಡ್ ಐಕಾನ್ ಬಂತು. ನಮ್ಮ ರಸ್ತೆ ಗಣೇಶನ ಆರ್ಕೆಸ್ಟ್ರಾ ಖರ್ಚು ಪೂರ್ತಿ ಅವನದೇ.

ಅಪ್ಪ ಕುಣಿಗಲ್ ಕಡೆಯ ಜಮೀನಿನ ಪಾಲು ಮಾರಿದ ದುಡ್ಡಿನಲ್ಲಿ 1999ರಲ್ಲಿ 25 ಇನ್ಫೋಸಿಸ್ ಶೇರು ತೆಗೆದುಕೊಂಡಿದ್ದರು. 2000ದಲ್ಲಿ ಹತ್ತು ರೂಪಾಯಿ ಮುಖಬೆಲೆಯ ಶೇರನ್ನು ಐದೈದರ ಎರಡು ಮಾಡಿದಾಗ ಅದು 50 ಆಯಿತು. ಡಿಮ್ಯಾಟ್, ಅಂದರೆ ಕಾಗದದ ಬದಲು ಕಂಪ್ಯೂಟರ್ ಖಾತೆಯಲ್ಲಿ ಶೇರು ಇಡೋದು, ಹೊಸದಾಗಿ ಬಂದಿದ್ದ ಕಾಲ. ಶೇರು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಡೆಲಿವರಿ ಸ್ಲಿಪ್ ಅಂತ ಬರೆದುಕೊಡಬೇಕು, ಚೆಕ್ ಬುಕ್ ಥರ ಒಂದು ಪುಸ್ತಕ ಇರುತ್ತಿತ್ತು. "ಪದೇ ಪದೇ ನಿಮ್ಮನ್ನ ಯಾಕೆ ಓಡಾಡಿಸ್ಲಿ ಮೇಷ್ಟ್ರೇ, ಒಂದಷ್ಟು ಹಾಳೆಗೆ ಸೈನ್ ಹಾಕಿಟ್ಬಿಡಿ" ಅಂದ. ಪರೀಕ್ಷೆಯಲ್ಲಿ ಒಂದು ಸ್ಟೆಪ್ ಬಿಟ್ಟರೆ ಅರ್ಧ ಮಾರ್ಕ್ಸ್ ಕಳೆಯೋ ಮನುಷ್ಯ, ಹತ್ತು ಖಾಲಿ ಹಾಳೆಗೆ ಸೈನ್ ಹಾಕಿಕೊಟ್ಟರು.

2001ರ ಮಾರ್ಚ್‌ನಲ್ಲಿ ಮಾರುಕಟ್ಟೆ ಕುಸಿಯಿತು. ಒಂದು ಸೋಮವಾರ ಹೋದರೆ ಶಟರ್ ಎಳೆದಿದೆ. ಮೆಟ್ಟಿಲ ಮೇಲೆ ಐವತ್ತು ಅರವತ್ತು ಜನ. ಅಪ್ಪನ ಡಿಮ್ಯಾಟ್ ಖಾತೆಯಲ್ಲಿ ಉಳಿದಿದ್ದ ಇನ್ಫೋಸಿಸ್ ಶೇರು: ಸೊನ್ನೆ. ಆವತ್ತಿನ ಬೆಲೆಗೆ ಸುಮಾರು 2 ಲಕ್ಷ. ಪೊಲೀಸ್ ಕಂಪ್ಲೇಂಟ್ ಆಯಿತು, ಅವನಿಗೆ ಬೇಲ್ ಆಯಿತು. ಒಂದಷ್ಟು ಜನಕ್ಕೆ ರೂಪಾಯಿಗೆ ಏಳು ಪೈಸೆ ಲೆಕ್ಕದಲ್ಲಿ ಕೊಟ್ಟ. ಅಪ್ಪನಿಗೆ ಎರಡು ಕಂತಿನಲ್ಲಿ 14 ಸಾವಿರ ಬಂತು. ಆಮೇಲೆ ಆಸಾಮಿ ನಾಪತ್ತೆ. ಇಂಜಿನಿಯರಿಂಗ್ ಸೇರಬೇಕಿದ್ದ ಅಕ್ಕ ಬಿ.ಎಸ್ಸಿ. ಸೇರಿದಳು.

ಅಪ್ಪ ಈ ವಿಷಯ ಮನೆಯಲ್ಲಿ ಎತ್ತೋದೇ ಇಲ್ಲ. ಆದರೆ ಅವರ ಹತ್ತಿರ ಒಂದು ಡೈರಿ ಇದೆ. ಅದರಲ್ಲಿ ಒಂದು ಪಟ್ಟಿ. 2001: 50. 2004, ಒಂದಕ್ಕೆ ಮೂರು ಬೋನಸ್ (ಇದ್ದ ಶೇರಿಗೆ ಕಂಪನಿ ಪುಕ್ಕಟೆ ಕೊಡೋ ಶೇರು): 200. 2006, ಒಂದಕ್ಕೊಂದು: 400. 2014: 800. 2015: 1600. 2018: 3200. ಪ್ರತಿ ಸಲ ಇನ್ಫೋಸಿಸ್ ಬೋನಸ್ ಕೊಟ್ಟಾಗಲೂ ಅಪ್ಪ ಡೈರಿ ತೆಗೆದು ಒಂದು ಸಾಲು ಬರೆದಿದ್ದಾರೆ. ಇಲ್ಲದ ಶೇರಿಗೆ.

ಈಗ ನನ್ನ ಪ್ರಶ್ನೆ. ಇವನು ಹೀಗೆ ಮೈಕ್ ಹಿಡಿದು ಪಾಠ ಹೇಳೋದಕ್ಕೆ ಕಾನೂನಿನಲ್ಲಿ ಅಡ್ಡಿ ಇಲ್ವಾ? ಎರಡನೆಯದು, ಅಪ್ಪ ನನ್ನ ಫೋನಿನಿಂದಲೇ 499 ಕಟ್ಟಿಸಿದ್ದಾರೆ. "ನಾನು ಹೋಗಬೇಕು" ಅಂತಾರೆ, ಯಾಕೆ ಅಂದರೆ ಮಾತಿಲ್ಲ. ಕರೆದುಕೊಂಡು ಹೋಗಲಾ, ತಡೆಯಲಾ?

ಕ್ಯಾಂಡಲ್_ಕಿಟ್ಟಿ:

ಗುರು, ಬೇಜಾರಾಗ್ಬೇಡ. ನೀನು ಹೇಳ್ತಿರೋದು ಯಾರು ಅಂತ ನನಗೆ ಗೊತ್ತಾಯ್ತು. ಅವರ ಕ್ಲಾಸಿಗೆ ನಾನೂ ಹೋಗಿದ್ದೆ. ಚೆನ್ನಾಗಿ ಹೇಳ್ಕೊಡ್ತಾರೆ. ಬಿದ್ದಿದ್ದನ್ನ ಮುಚ್ಚಿಡೋದಿಲ್ಲ, ಸ್ಟೇಜ್ ಮೇಲೇ ಹೇಳ್ತಾರೆ. 24-25 ವರ್ಷ ಆಯ್ತು. ಮನುಷ್ಯ ಬದಲಾಗಬಾರ್ದಾ? ಒಂದು ಸಲ ಕೈ ಸುಟ್ಟುಕೊಂಡವನಿಗೇ ಬೆಂಕಿ ಬಗ್ಗೆ ಜಾಸ್ತಿ ಗೊತ್ತಿರೋದು ಅಲ್ವಾ.

ಜೆಸಿ_ರೋಡ್_ಗುಮಾಸ್ತ:

ಕಿಟ್ಟಿ ಅವರೇ, ಸುಟ್ಟಿದ್ದು ಅವನ ಕೈಯಲ್ಲ. ಮೇಷ್ಟ್ರದು.

ತಮ್ಮಾ, ನಾನು ಜೆ.ಸಿ. ರೋಡಿನ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಒಬ್ಬ ಬ್ರೋಕರ್ ಹತ್ತಿರ ಹದಿನೇಳು ವರ್ಷ ಸೆಟಲ್‌ಮೆಂಟ್ ಗುಮಾಸ್ತನಾಗಿದ್ದೆ. ಆ ಎಕ್ಸ್‌ಚೇಂಜೇ 2014ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು, ಬಿಡಿ. ಕಾಗದದ ಶೇರಿನ ಕಾಲದಲ್ಲಿ ನನ್ನ ಕೆಲಸ ಸೈನ್ ನೋಡೋದು. ಟ್ರಾನ್ಸ್‌ಫರ್ ಡೀಡ್ ಮೇಲಿನ ಸೈನು ಕಂಪನಿಯಲ್ಲಿರೋದಕ್ಕೆ ತಾಳೆ ಆಗದಿದ್ದರೆ 'ಬ್ಯಾಡ್ ಡೆಲಿವರಿ' ಅಂತ ವಾಪಸ್ ಬರೋದು. ಡಿಮ್ಯಾಟ್ ಬಂದಾಗ ಆ ತಲೆನೋವು ಹೋಯಿತು. ಅದರ ಜಾಗದಲ್ಲಿ ನಿಮ್ಮ ತಂದೆ ಕೊಟ್ಟರಲ್ಲ, ಖಾಲಿ ಸ್ಲಿಪ್ಪು, ಅದು ಶುರುವಾಯಿತು.

ಅದು ಹೇಗೆ ನಡೀತಿತ್ತು ಅಂತ ಹೇಳ್ತೀನಿ. ಸೈನ್ ಹಾಕಿದ ಸ್ಲಿಪ್ ತುಂಬಿಸಿ ಕಸ್ಟಮರ್ ಶೇರನ್ನ ಬ್ರೋಕರ್ ತನ್ನ ಪೂಲ್ ಅಕೌಂಟಿಗೆ, ಅಂದ್ರೆ ಎಲ್ಲರ ಶೇರೂ ಒಟ್ಟಿಗಿರೋ ಖಾತೆಗೆ, ಎಳ್ಕೊಳ್ತಾನೆ. ಅದನ್ನ ಮಾರ್ಜಿನ್ ಅಂತ ಅಡ ಇಟ್ಟು ತಾನು ಬೇರೆ ಶೇರಿನ ಮೇಲೆ ಆಟ ಆಡ್ತಾನೆ. 2000ದಲ್ಲಿ ಎಲ್ಲರ ಬಾಯಲ್ಲೂ ಕೆ-10. ಮುಂಬೈ ಬ್ರೋಕರ್ ಕೇತನ್ ಪಾರೇಖ್ ಕೈ ಇಟ್ಟ ಹತ್ತು ಶೇರು: ಹಿಮಾಚಲ ಫ್ಯೂಚರಿಸ್ಟಿಕ್, ಗ್ಲೋಬಲ್ ಟೆಲಿಸಿಸ್ಟಮ್ಸ್, ಜೀ, ಡಿ.ಎಸ್.ಕ್ಯೂ. ಹೀಗೆ. ಶುಕ್ರವಾರ ಲೆಕ್ಕ ಚುಕ್ತಾ ಮಾಡೋಕಾಗ್ದಿದ್ರೆ ಬದ್ಲಾ ಹಾಕಿ, ಅಂದ್ರೆ ಬಡ್ಡಿ ಕೊಟ್ಟು, ಮುಂದಿನ ವಾರಕ್ಕೆ ತಳ್ಳೋದು. ಮೇಲೆ ಹೋಗ್ತಾ ಇರೋವರೆಗೆ ಯಾರ ಶೇರು ಎಲ್ಲಿದೆ ಅಂತ ಯಾರೂ ಕೇಳಲ್ಲ. ಸಂಜೆ ಕಸ್ಟಮರ್ ಬಂದ್ರೆ ಕಾಫಿ, ಎದ್ದು ನಿಂತು ನಮಸ್ಕಾರ. ಮಾರ್ಚ್ 2001ರಲ್ಲಿ ಕೇತನ್ ಮುಳುಗಿದ, ಅಹಮದಾಬಾದಿನ ಮಾಧವಪುರ ಸಹಕಾರಿ ಬ್ಯಾಂಕನ್ನೂ ಮುಳುಗಿಸಿದ. ಹಿಂದೆ ಇಂಥ ಸಣ್ಣ ಸಣ್ಣ ಮಹಡಿ ಆಫೀಸುಗಳೆಲ್ಲ ಸಾಲಾಗಿ ಶಟರ್ ಎಳೆದವು. ಆ ವರ್ಷ ಜುಲೈನಲ್ಲಿ ಶೇರು ಮಾರುಕಟ್ಟೆ ನಿಯಂತ್ರಿಸೋ ಸೆಬಿ ಬದ್ಲಾನೇ ನಿಲ್ಲಿಸಿತು.

ಇನ್ನು ನೀವು ಕೇಳಿದ್ದು, ಬಿದ್ದವನು ಗುರು ಆಗೋದು. ಇದು ಹೊಸದಲ್ಲ. ಹರ್ಷದ್ ಮೆಹ್ತಾನನ್ನೇ ನೋಡಿ. ಮೊದಲು ನ್ಯೂ ಇಂಡಿಯಾ ಅಶ್ಯೂರೆನ್ಸ್‌ನಲ್ಲಿ ಕೆಲಸಕ್ಕಿದ್ದವನು. ಬ್ಯಾಂಕುಗಳ ನಡುವಿನ ಸರ್ಕಾರಿ ಬಾಂಡಿನ ವ್ಯವಹಾರದಲ್ಲಿ ದಲ್ಲಾಳಿಯಾಗಿ ನಿಂತ. ಬಾಂಡ್ ಇಲ್ಲದೆಯೇ, ಇದೆ ಅನ್ನೋ ಬ್ಯಾಂಕ್ ರಸೀದಿ ಹುಟ್ಟಿಸಿ, ಬ್ಯಾಂಕಿನ ದುಡ್ಡನ್ನ ಶೇರಿಗೆ ತಿರುಗಿಸಿದ. ಎ.ಸಿ.ಸಿ. ಇನ್ನೂರು ಚಿಲ್ಲರೆಯಿಂದ ಒಂಬತ್ತು ಸಾವಿರಕ್ಕೆ ಹೋಯಿತು. 1992ರ ಏಪ್ರಿಲ್ 23ಕ್ಕೆ ಸುಚೇತಾ ದಲಾಲ್ ಪೇಪರಿನಲ್ಲಿ ಬರೆದರು, ಬುಡ ಅಲ್ಲಾಡಿತು. ನಮ್ಮ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಹೆಸರೂ ಆ ಗಲಾಟೆಯಲ್ಲಿ ಬಂತು, ಆಗ ಇಲ್ಲಿ ಕಾಫಿ ಹೋಟೆಲಿನಲ್ಲೂ ಅದೇ ಮಾತು. ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನದು ಕಮ್ಮಿ ಜನಕ್ಕೆ ಗೊತ್ತು. ಬೇಲ್ ಮೇಲೆ ಹೊರಗೆ ಬಂದು 1997-98ರ ಹೊತ್ತಿಗೆ ಪೇಪರಿನಲ್ಲಿ ಅಂಕಣ ಬರೆದು, ಸ್ವಂತ ವೆಬ್‌ಸೈಟು ಮಾಡಿ ಜನಕ್ಕೆ ಟಿಪ್ಸ್ ಕೊಡೋಕೆ ನಿಂತ! ಜನ ಓದಿದರು, ತಗೊಂಡರು. ಅದೇ ಹೊತ್ತಿನಲ್ಲಿ ಬಿಪಿಎಲ್, ವಿಡಿಯೊಕಾನ್, ಸ್ಟರ್‌ಲೈಟ್ ಶೇರುಗಳನ್ನ ಏರಿಸೋ ಆಟ. ಬಿಪಿಎಲ್ ನಮ್ಮೂರಿನದು, ನಾವು ಜೆ.ಸಿ. ರೋಡಿನಲ್ಲಿ ಬೆರಗಾಗಿ ನೋಡ್ತಾ ಕೂತಿದ್ವಿ. 1998ರ ಜೂನ್‌ನಲ್ಲಿ ದುಡ್ಡು ಕಟ್ಟೋ ದಿನ ಬಂತು, ಅದೂ ಕುಸಿಯಿತು. 2001ರ ಡಿಸೆಂಬರ್ 31ಕ್ಕೆ ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಜೈಲುವಾಸದಲ್ಲಿದ್ದಾಗಲೇ ಸತ್ತ.

ಕೇತನ್ ಅವನ ಗರಡಿಯಲ್ಲೇ ಕೆಲಸ ಕಲಿತವನು. 2003ರಲ್ಲಿ ಸೆಬಿ 14 ವರ್ಷ ಮಾರುಕಟ್ಟೆಯಿಂದ ಹೊರಗಿಟ್ಟಿತು. 2025ರ ಜನವರಿಯಲ್ಲಿ, ದೊಡ್ಡ ಗಿರಾಕಿಯ ಆರ್ಡರ್ ಮೊದಲೇ ತಿಳಿದು ಮುಂದಾಗಿ ಕೊಂಡ ಆರೋಪದಲ್ಲಿ ಮತ್ತೆ ಹೊರಗಿಟ್ಟಿತು. ಅದು ಮಧ್ಯಂತರ ಆದೇಶ, ಆರೋಪ ಅಂತಲೇ ಇಟ್ಟುಕೊಳ್ಳೋಣ.

ಆದರೆ ನಿಮ್ಮ ಸೂಟಿನ ಮನುಷ್ಯನಿಗೆ ಸರಿಯಾದ ಜೋಡಿ ಅಂದ್ರೆ ಅಮೆರಿಕದ ಜೋರ್ಡನ್ ಬೆಲ್‌ಫೋರ್ಟ್. ಅವನ ಮೇಲೆ ಬಂದ ಹಾಲಿವುಡ್ ಸಿನಿಮಾ ನನ್ನ ಮಗ ತೋರಿಸಿದ. ಅರ್ಧಕ್ಕೆ ಎದ್ದು ಹೋಗೋಣ ಅನ್ನಿಸಿತು, ಆದರೂ ಕೂತೆ, ಆಮೇಲೆ ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅವನೂ ನಿಮ್ಮವನ ಹಾಗೆ ಬಾಗಿಲು ಬಾಗಿಲಿಗೆ ಹೋಗಿ ಮಾರಿ ಶುರು ಮಾಡಿದವನು. ಮಾರಿದ್ದು ಮಾಂಸ, ಮೀನು. ಅದರಲ್ಲಿ ದಿವಾಳಿ. ಆಮೇಲೆ ವಾಲ್ ಸ್ಟ್ರೀಟಿನ ಒಂದು ಕಂಪನಿ ಸೇರಿದ, 1987ರ ಅಕ್ಟೋಬರ್ ಕುಸಿತದಲ್ಲಿ ಆ ಕೆಲಸವೂ ಹೋಯಿತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಸ್ಟ್ರಾಟನ್ ಓಕ್‌ಮಾಂಟ್ ಅಂತ ತನ್ನದೇ ಕಂಪನಿ ಮಾಡಿದ. ಕೆಲಸ ಏನು? ಯಾರಿಗೂ ಬೇಡದ ಚಿಲ್ಲರೆ ಕಂಪನಿಯ ಶೇರನ್ನ ತಾನು, ತನ್ನವರ ಹೆಸರಲ್ಲಿ ಮೊದಲೇ ಬಾಚಿಟ್ಕೊಳ್ಳೋದು. ಹುಡುಗರ ಕೈಗೆ ಫೋನು, ಬರೆದಿಟ್ಟ ಮಾತು ಕೊಟ್ಟು ಊರವರಿಗೆಲ್ಲ ಕೊಳ್ಳಿಸೋದು. ಬೆಲೆ ಉಬ್ಬಿದಾಗ ತಾನು ಮಾರಿ ಎದ್ದುಹೋಗೋದು. ಕೊಂಡವನು "ನನ್ನದೂ ಮಾರಿ" ಅಂತ ಫೋನ್ ಮಾಡಿದ್ರೆ, ಮಾರೋ ಬದಲು ಇನ್ನೊಂದು ಶೇರನ್ನ ಅವನ ತಲೆಗೆ ಕಟ್ಟೋದು. ಈ ಕೊನೆಯ ಕಲೆ ನಮ್ಮ ಜೆ.ಸಿ. ರೋಡಿನಲ್ಲೂ ಬಲ್ಲವರಿದ್ದರು. ಹೆಸರು ಬೇಡ.

1996ರಲ್ಲಿ ಅವನ ಕಂಪನಿಯನ್ನ ಅಲ್ಲಿನ ಬ್ರೋಕರುಗಳ ಸಂಘವೇ ಹೊರಗೆ ಹಾಕಿತು. 1999ರಲ್ಲಿ ತಪ್ಪೊಪ್ಪಿಕೊಂಡ, ಜೊತೆಯವರ ವಿರುದ್ಧ ಸಾಕ್ಷಿಯಾದ. 2003ರಲ್ಲಿ 4 ವರ್ಷ ಶಿಕ್ಷೆ ಆಯಿತು, ಒಳಗಿದ್ದಿದ್ದು 22 ತಿಂಗಳು. ಹಾಸ್ಯ ನಟ ಟಾಮಿ ಚಾಂಗ್ ಜೈಲಿನಲ್ಲಿ ಜೊತೆಗಿದ್ದ. ಇವನ ಕಥೆ ಕೇಳಿ ನಕ್ಕು, ಬರಿ ಅಂದನಂತೆ. ಬರೆದ, 2007ರಲ್ಲಿ ಪುಸ್ತಕ. 2013ರಲ್ಲಿ ಸಿನಿಮಾ. ಈಗ ಊರೂರು ತಿರುಗಿ ಮಾರಾಟದ ವಿದ್ಯೆ ಹೇಳಿಕೊಡ್ತಾನೆ. ಮೊದಲು ಶೇರು ಮಾರಿದ, ಆಮೇಲೆ ಶೇರು ಮಾರಿದ ಕಥೆ ಮಾರಿದ, ಈಗ ಮಾರೋದು ಹೇಗೆ ಅನ್ನೋದನ್ನೇ ಮಾರ್ತಾನೆ. ಆ ಸಿನಿಮಾದ ಕೊನೆಯ ಸೀನಿನಲ್ಲಿ ಅವನೇ ಬರ್ತಾನೆ, ಗೊತ್ತಾ? ತನ್ನ ಪಾತ್ರ ಮಾಡಿದ ನಟನನ್ನ ಸ್ಟೇಜಿಗೆ ಕರೆಯೋ ನಿರೂಪಕನಾಗಿ. ಇನ್ನೂ ಒಂದು ತಮಾಷೆ. ಆ ಸಿನಿಮಾಕ್ಕೆ ಹಾಕಿದ ದುಡ್ಡೇ ಮಲೇಷ್ಯಾದ ಸರ್ಕಾರಿ ನಿಧಿಯಿಂದ ಕದ್ದದ್ದು ಅಂತ ಅಮೆರಿಕ ಸರ್ಕಾರ ಕೇಸ್ ಹಾಕಿತು. ತೆಗೆದ ಕಂಪನಿ 2018ರಲ್ಲಿ 6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡಿತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬೆಲ್‌ಫೋರ್ಟ್ 1,513 ಜನಕ್ಕೆ 11 ಕೋಟಿ ಡಾಲರ್ ವಾಪಸ್ ಕೊಡಬೇಕು ಅಂತ ಕೋರ್ಟ್ ಹೇಳಿತ್ತು. 2013ರ ಹೊತ್ತಿಗೆ ಬಂದಿದ್ದು ಸುಮಾರು 1.16 ಕೋಟಿ. ಅದರಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಅವನ ಆಸ್ತಿ ಜಪ್ತಿ ಮಾಡಿ ಮಾರಿದ್ದು. ಸಿನಿಮಾದಲ್ಲಿ ಅವನ ಹಡಗು ತೋರಿಸ್ತಾರೆ, ಹೆಂಡತಿ ತೋರಿಸ್ತಾರೆ, ಕುಡಿದು ಉರುಳಾಡೋದು ಮೂರು ಗಂಟೆ ತೋರಿಸ್ತಾರೆ. ಆ 1,513ರಲ್ಲಿ ಒಬ್ಬರ ಮನೆ ಒಳಗೆ ಕ್ಯಾಮೆರಾ ಹೋಗಲ್ಲ. ಕಿಟ್ಟಿ ಅವರೇ, ನಿಮ್ಮ ಗುರು ಸ್ಟೇಜ್ ಮೇಲೆ ಬಿದ್ದಿದ್ದನ್ನ ಹೇಳ್ತಾನೆ ಅಂದ್ರಲ್ಲ, ಯಾರ ಮೇಲೆ ಬಿದ್ದ ಅಂತ ಹೇಳ್ತಾನಾ?

ತಮ್ಮಾ, ನಿಮ್ಮ ತಂದೆಯನ್ನ ಕರೆದುಕೊಂಡು ಹೋಗಿ. ತಡೀಬೇಡಿ.

ಲೆಕ್ಕದ_ಶಾಂತಲಾ:

ಕಾನೂನಿನ ಬಗ್ಗೆ ಕೇಳಿದ್ದೀರಿ, ನನಗೆ ಗೊತ್ತಿರುವಷ್ಟು ಹೇಳ್ತೇನೆ. ಹಳೇ ದುಡ್ಡಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡೋದಕ್ಕೆ ಒಂದು ವರ್ಷದ ಗಡುವು. ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ. ವಂಚನೆಯ ಕ್ರಿಮಿನಲ್ ಕೇಸಿಗೆ ಹಾಗೆ ಗಡುವಿಲ್ಲ, ಆದ್ದರಿಂದ 2001ರ ಕಂಪ್ಲೇಂಟ್ ಏನಾಯಿತು ಅಂತ ಸ್ಟೇಷನ್ನಿನಲ್ಲೋ ಕೋರ್ಟಿನಲ್ಲೋ ವಿಚಾರಿಸಿ. ಎಫ್.ಐ.ಆರ್. ಕಾಪಿ ಇದೆಯಾ?

ಪಾಠ ಹೇಳೋದಕ್ಕೆ ಲೈಸೆನ್ಸ್ ಬೇಕಿಲ್ಲ. ಇಂಥ ಶೇರು ತಗೊಳ್ಳಿ, ಇಂಥದ್ದು ಮಾರಿ ಅನ್ನೋದಕ್ಕೆ ಸೆಬಿ ನೋಂದಣಿ ಬೇಕು. ತುಂಬ ಜನ ಪಾಠದ ಹೆಸರಲ್ಲಿ ಟಿಪ್ಸ್ ಕೊಡ್ತಾರೆ. ಅದಕ್ಕೇ ಸೆಬಿ 2025ರ ಜನವರಿ 29ರ ಸುತ್ತೋಲೆಯಲ್ಲಿ, ಬರೀ ಪಾಠ ಅನ್ನೋದಾದರೆ ಹಿಂದಿನ ಮೂರು ತಿಂಗಳ ಮಾರುಕಟ್ಟೆ ಬೆಲೆ ಇಟ್ಟುಕೊಂಡು ಶೇರಿನ ಹೆಸರು ಎತ್ತಬಾರದು ಅಂತ ಹೇಳಿದೆ. ಅವನು ಹೋದ ವಾರದ ಚಾರ್ಟ್ ಹಾಕಿದರೆ ದಿನಾಂಕ ಸಮೇತ ಬರೆದುಕೊಳ್ಳಿ.

ಇನ್ನೊಂದು. ಸೆಬಿಯೇ 2024ರಲ್ಲಿ ಲೆಕ್ಕ ಹಾಕಿ ಹೇಳಿದ್ದು: ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಉಳಿದ ಏಳು ಮಂದಿ ಎಲ್ಲಿ ಸಿಕ್ತಾರೆ? ಇಂಥ ಕ್ಲಾಸಿನ ಜಾಹೀರಾತು ವಿಡಿಯೊದಲ್ಲಿ.

ಖಾಲಿ ಸ್ಲಿಪ್ ಇಸ್ಕೊಳ್ಳೋ ಕಾಲ ಹೋಯಿತು, ಅದು ಒಳ್ಳೇದಾಯಿತು. 2020ರ ಸೆಪ್ಟೆಂಬರ್‌ನಿಂದ ಶೇರು ಅಡ ಇಡೋದು ಕಸ್ಟಮರ್ ಖಾತೆಯಲ್ಲೇ, ಫೋನಿಗೆ ಒಟಿಪಿ ಬರುತ್ತೆ. ಅಂಥ ಮನುಷ್ಯನಿಗೆ ಈಗ ಬ್ರೋಕರ್ ಆಗೋದು ಕಷ್ಟ. ಗುರು ಆಗೋದು ಸುಲಭ.

ಜಯನಗರದ_ಹುಡುಗ:

ಹೋಗಿ ಬಂದೆವು. ನಿನ್ನೆ. ಎಲ್ಲಿಂದ ಶುರು ಮಾಡಲಿ ಗೊತ್ತಾಗುತ್ತಿಲ್ಲ.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಪೆನ್ನು ಎರಡು ಇಟ್ಟುಕೊಂಡು ಬಂದರು. ಮೆಟ್ರೊದಲ್ಲಿ ಒಂದು ಮಾತಿಲ್ಲ. ಹಾಲ್‌ನಲ್ಲಿ ಮದುವೆ ಕುರ್ಚಿ, ಬಿಳಿ ಬಟ್ಟೆ, ಹಿಂದೆ ಗುಲಾಬಿ ಬಣ್ಣದ ರಿಬ್ಬನ್ನು. ಎ.ಸಿ. ಜೋರು. ಎದೆ ನಡುಗುವಷ್ಟು ದೊಡ್ಡ ಮ್ಯೂಸಿಕ್. ಅಪ್ಪ ಕೂತ ತಕ್ಷಣ ಕುರ್ಚಿ ಎಣಿಸಿದರು: ಅಡ್ಡಕ್ಕೆ ಹದಿನೈದು, ಉದ್ದಕ್ಕೆ ಹನ್ನೆರಡು. ಹತ್ತು ಗಂಟೆಗೆಲ್ಲ ತುಂಬಿತು. ಜಾಸ್ತಿ ಹುಡುಗರು, ಕೆಲವರು ಫುಡ್ ಡೆಲಿವರಿ ಟೀ ಶರ್ಟಿನಲ್ಲೇ ಬಂದಿದ್ದರು. ನಮ್ಮ ಪಕ್ಕ ಒಬ್ಬ ಹೆಂಗಸು, ತೊಡೆ ಮೇಲೆ ನಿದ್ದೆ ಹೋದ ಮಗು. "ನಮ್ಮೆಜಮಾನ್ರು ಹೋದ ತಿಂಗಳು ಮೂವತ್ತು ಸಾವಿರ ಕಳ್ಕೊಂಡ್ರು, ಅದಕ್ಕೆ ನಾನೇ ಕಲಿಯೋಣ ಅಂತ" ಅಂದರು.

ಅವನು ಚೆನ್ನಾಗಿ ಮಾತಾಡುತ್ತಾನೆ. ಅದನ್ನು ಒಪ್ಪಿಕೊಳ್ಳಲೇಬೇಕು. ತಾನು ಬಿದ್ದ ಕಥೆಯನ್ನೇ ಮುಕ್ಕಾಲು ಗಂಟೆ ಹೇಳಿದ. ಐಕಾನ್ ಕಾರು ಮಾರಿದ್ದು, ಹೊಸೂರಿನಲ್ಲಿ ಒಂದೇ ರೂಮಿನ ಮನೆ, ಮಗಳ ಹುಟ್ಟುಹಬ್ಬಕ್ಕೆ ಕೇಕ್ ತರೋಕೆ ದುಡ್ಡಿರಲಿಲ್ಲ ಅನ್ನುವಾಗ ಗಂಟಲು ಕಟ್ಟಿತು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡರು. ನನಗೂ ಒಂದು ಕ್ಷಣ ಹಾಗೇ ಆಯಿತು, ಸುಳ್ಳು ಯಾಕೆ ಹೇಳಲಿ. "ಮಾರ್ಕೆಟ್ ನನ್ನನ್ನ ಬೀಳಿಸ್ತು, ಮಾರ್ಕೆಟ್ಟೇ ನನ್ನನ್ನ ಎತ್ತಿತು" ಅಂದ. ಸ್ಲಿಪ್ಪಿನ ವಿಷಯ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತವರು ಬರಲಿಲ್ಲ. ಗುಮಾಸ್ತರು ಹೇಳಿದ್ದು ಅಲ್ಲೇ ನೆನಪಾಯಿತು. ಶಾಂತಲಾ ಮೇಡಂ, ಹೋದ ವಾರದ ಬ್ಯಾಂಕ್ ನಿಫ್ಟಿ (ಬ್ಯಾಂಕ್ ಶೇರುಗಳ ಸೂಚ್ಯಂಕ) ಚಾರ್ಟ್ ಹಾಕಿದ, ನಾಲ್ಕು ಶೇರಿನ ಹೆಸರೂ ಹೇಳಿದ. ಬರೆದುಕೊಂಡಿದ್ದೇನೆ.

ಟೀ ಹೊತ್ತಿನಲ್ಲಿ ಅಪ್ಪನನ್ನು ನೋಡಿದ. ಒಂದೇ ಒಂದು ಸೆಕೆಂಡು ಮುಖ ಖಾಲಿ ಆಯಿತು. ನಾನು ನೋಡಿದೆ. ಆಮೇಲೆ "ಮೇಷ್ಟ್ರೇ!" ಅಂತ ದೊಡ್ಡ ದನಿಯಲ್ಲಿ ಕೂಗಿ ಬಂದು ಕಾಲಿಗೆ ಬಿದ್ದ. ಸೂಟು ಹಾಕಿಕೊಂಡೇ, ಮೈಕು ಆನ್ ಇದ್ದ ಹಾಗೇ. ಕೈ ಹಿಡಿದು ಸ್ಟೇಜಿಗೆ ಕರೆದುಕೊಂಡು ಹೋದ. ಇಂಥ ಹಾಲ್‌ಗಳಲ್ಲಿ ಒಂದು ಶಾಲು, ಒಂದು ಪೇಟ ಯಾವಾಗಲೂ ರೆಡಿ ಇರುತ್ತೆ ಅಂತ ಕಾಣುತ್ತೆ. ಶಾಲು ಹೊದಿಸಿದರು. ಮೈಸೂರು ಪೇಟ ತೊಡಿಸಿದರು. ಕೈಗೆ ಹಣ್ಣಿನ ಬುಟ್ಟಿ. "ನಾನು ಬಿದ್ದಾಗಲೂ ನನ್ನ ಮೇಲೆ ನಂಬಿಕೆ ಇಟ್ಟ ನನ್ನ ಮೊದಲ ಕ್ಲೈಂಟು, ನನ್ನ ಗುರುಗಳು!" 180 ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ, ಕಾಲು ಬರಲಿಲ್ಲ. ಅಪ್ಪನ ಎರಡೂ ಕೈಯಲ್ಲಿ ಬುಟ್ಟಿ, ಮೈಕು ಅವರ ಕಡೆ ಬರಲೇ ಇಲ್ಲ.

ಇಳಿಯುವ ಮುಂಚೆ ಅಪ್ಪ ಅವನ ಕಿವಿ ಹತ್ತಿರ ಬಾಗಿ ಏನೋ ಹೇಳಿದರು. ಅವನು ನಗುತ್ತಲೇ ಇದ್ದ, ಆದರೆ ನಗು ಅಲ್ಲೇ ಸಿಕ್ಕಿಕೊಂಡಿತು.

ಊಟಕ್ಕೆ ಬಿಸಿಬೇಳೆಬಾತು, ಮೊಸರನ್ನ, ಒಂದು ತುಂಡು ಮೈಸೂರುಪಾಕು. ಅಪ್ಪ ಎರಡು ಸಲ ಹಾಕಿಸಿಕೊಂಡರು. ಊಟ ಆದ ಮೇಲೆ ಅಸಲಿ ವ್ಯಾಪಾರ: ಮೂರು ತಿಂಗಳ ಕೋರ್ಸು, 24,999. ಇವತ್ತೇ ಸೇರಿದರೆ ಮಾತ್ರ ಈ ರೇಟು. ಟೇಬಲ್ ಮುಂದೆ ಕ್ಯೂ. ಅಪ್ಪ ಪಾಂಪ್ಲೆಟ್ ಹಿಂಭಾಗದಲ್ಲಿ ಬರೆದುಕೊಳ್ಳುತ್ತಾ ಕೂತಿದ್ದರು. ಇಪ್ಪತ್ತೊಂದು ಜನ ಕಟ್ಟಿದರು. 180 ಇಂಟು 499, 89,820. ಇಪ್ಪತ್ತೊಂದು ಇಂಟು 24,999, 5,24,979. ಒಟ್ಟು 6,14,799. ಕೆಳಗೆ ಎರಡು ಗೆರೆ ಎಳೆದರು. ಪಕ್ಕದ ಹೆಂಗಸು ಕ್ಯೂನಲ್ಲಿ ನಿಲ್ಲೋಕೆ ಎದ್ದಾಗ ಅಪ್ಪ, "ಕೂತ್ಕೊಳ್ಳಮ್ಮ, ಮಗು ಎದ್ದುಬಿಡುತ್ತೆ" ಅಂದರು. ಆಮೇಲೆ ಆ ಪಾಂಪ್ಲೆಟ್ ತೋರಿಸಿ ಮೆಲ್ಲಗೆ ಏನೇನೋ ಹೇಳಿದರು. ಆಯಮ್ಮ ಕಟ್ಟಲಿಲ್ಲ. ಕಟ್ಟಿದ್ದರೆ ಇಪ್ಪತ್ತೆರಡು ಆಗುತ್ತಿತ್ತು.

ವಾಪಸ್ ಬರುವಾಗ ಮೆಟ್ರೊದಲ್ಲಿ ಸೀಟು ಸಿಕ್ಕಿತು. ಪೇಟ ತೊಡೆ ಮೇಲೆ, ಬುಟ್ಟಿ ಕಾಲ ಹತ್ತಿರ. ಮಂತ್ರಿ ಸ್ಕ್ವೇರ್ ದಾಟಿದ ಮೇಲೆ ಕೇಳಿದೆ, "ಅಪ್ಪ, ಅವನ ಕಿವೀಲಿ ಏನು ಹೇಳಿದ್ರಿ?"

"ಮೂರು ಸಾವಿರದ ಇನ್ನೂರು ಅಂದೆ."

"ಅಷ್ಟೇನಾ? ಅವನಿಗೆ ಅರ್ಥ ಆಯ್ತಾ?"

"ಅವನು ಬ್ರೋಕರ್ ಕಣೋ. ಬೋನಸ್ ಲೆಕ್ಕ ಬರಲ್ವಾ ಅವನಿಗೆ?"

ಕ್ಯಾಂಡಲ್_ಕಿಟ್ಟಿ:

ಗುರು, ಸಾರಿ. ನಾನು ಆ 24,999 ಕಟ್ಟಿದವನು. ಎಷ್ಟು ಹೋಯ್ತು ಅಂತ ಇಲ್ಲಿ ಬರೆಯಲ್ಲ. ಮನೇಲಿ ಇನ್ನೂ ಹೇಳಿಲ್ಲ.

ಜೆಸಿ_ರೋಡ್_ಗುಮಾಸ್ತ:

ಮನೇಲಿ ಹೇಳಿ ಕಿಟ್ಟಿ. ಇವತ್ತೇ ಹೇಳಿ. ತಮ್ಮಾ, ಮೇಷ್ಟ್ರಿಗೆ ನನ್ನ ನಮಸ್ಕಾರ. ಜೆ.ಸಿ. ರೋಡ್ ಕಡೆ ಬಂದ್ರೆ ಒಂದು ಬೈಟು ನನ್ನ ಲೆಕ್ಕದಲ್ಲಿ.

ಜಯನಗರದ_ಹುಡುಗ:

ಇನ್ನೊಂದು ವಿಷಯ. ಇವತ್ತು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಸನ್ಮಾನದ ವಿಡಿಯೊ ಇನ್‌ಸ್ಟಾಗ್ರಾಮಿನಲ್ಲಿ ಬಂದಿದೆ. ಅಪ್ಪನ ಮುಖ, ಪೇಟ, ಹಿನ್ನೆಲೆಯಲ್ಲಿ ಕೊಳಲು. ಕೆಳಗೆ "ಗುರು-ಶಿಷ್ಯರ ಅಪರೂಪದ ಕ್ಷಣ" ಅಂತ, ಅದರ ಕೆಳಗೆ ಮುಂದಿನ ಕ್ಲಾಸಿನ ದಿನಾಂಕ.

ಲೆಕ್ಕದ_ಶಾಂತಲಾ:

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಮುಖ ಬಳಸಿದ್ದಾನೆ ಅಂತ ಅಲ್ಲೇ ರಿಪೋರ್ಟ್ ಮಾಡಿ, ಅವನಿಗೂ ಒಂದು ನೋಟಿಸ್ ಕಳಿಸೋಣ. ಸೆಬಿಗೆ ಬರೆಯೋ ದೂರಿಗೆ ಆ ನಾಲ್ಕು ಶೇರಿನ ಹೆಸರು, ಚಾರ್ಟಿನ ದಿನಾಂಕ, ನೀವು ಕಟ್ಟಿದ 499ರ ರಸೀದಿ ಸೇರಿಸಿ. ಕರಡು ನಾನು ಮಾಡಿಕೊಡ್ತೇನೆ.

ಜಯನಗರದ_ಹುಡುಗ:

ತುಂಬ ಥ್ಯಾಂಕ್ಸ್ ಮೇಡಂ. ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ವಿಡಿಯೊ ಇಳಿಸೋದು ಸ್ವಲ್ಪ ತಡ ಆಗಬಹುದು, ಯಾಕಂದರೆ ಅಪ್ಪ ಬೇಡ ಅನ್ನುತ್ತಿದ್ದಾರೆ. ಶಾಲನ್ನು ಅಮ್ಮ ಗ್ರೈಂಡರಿಗೆ ಹೊದಿಸಿದ್ದಾರೆ. ಅಪ್ಪ ನನ್ನ ಫೋನ್ ಇಸಿದುಕೊಂಡು, ಕನ್ನಡ ಕೀಬೋರ್ಡ್ ಎಲ್ಲಿ ಅಂತ ಕೇಳಿ, ವಿಡಿಯೊ ಕೆಳಗೆ ಕಾಮೆಂಟ್ ಹಾಕಿದರು. ಬೈಗುಳ ಇಲ್ಲ, ಹೆಸರಿಲ್ಲ. ಡೈರಿಯ ಪಟ್ಟಿ ಅಷ್ಟೇ. 50, 200, 400, 800, 1600, 3200. ಹತ್ತು ನಿಮಿಷಕ್ಕೆ ಡಿಲೀಟ್ ಆಯಿತು. ಮತ್ತೆ ಹಾಕಿದರು. ಮತ್ತೆ ಡಿಲೀಟ್. ಕಾಪಿ ಮಾಡಿ ಪೇಸ್ಟ್ ಮಾಡೋದು ತೋರಿಸಿಕೊಡ್ತೀನಿ ಅಂದರೆ ಬೇಡವಂತೆ. ಈಗ ಏಳನೇ ಸಲ, ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾ ಕೂತಿದ್ದಾರೆ. ಕಾಫಿ ಆರಿಹೋಗಿದೆ.